ಬಂಡೆ ಸಂದಿನ ಹಸಿರು: ದುರ್ಗದ ಬೆಟ್ಟಗಳಲ್ಲಿ ಗಿಡಗಳ ಆಸರೆ ತಾಣ ಗುರುತಿಸಿ ದಾಖಲಿಸುವುದು ಹೇಗೆ

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆಗೆ, ಚಿತ್ರದುರ್ಗದ ಸುತ್ತಲಿನ ಯಾವುದಾದರೂ ಬಂಡೆಗುಡ್ಡದ ಕಡೆ ಕಣ್ಣು ಹಾಯಿಸಿ. ಬಾದೆ ಹುಲ್ಲು ಒಣಗಿ ನಿಂತಿರುತ್ತದೆ, ಮರಗಳು ಬೋಳಾಗಿರುತ್ತವೆ, ಬಂಡೆಯ ಮೇಲೆ ಅಂಗೈ ಊರಲು ಆಗುವುದಿಲ್ಲ. ಅಷ್ಟರ ನಡುವೆ ಎರಡು ಗುಂಡುಕಲ್ಲುಗಳ ಸಂದಿನಲ್ಲಿ ಗೆರೆ ಎಳೆದ ಹಾಗೆ ಹಸಿರು ಕಾಣುತ್ತದೆ. ಆ ಗೆರೆ ಅಲ್ಲೇ ಏಕಿದೆ, ಹತ್ತು ಹೆಜ್ಜೆ ಆಚೆಗಿನ ಇನ್ನೊಂದು ಸಂದಿನಲ್ಲಿ ಏಕಿಲ್ಲ? ಈ ಬರಹ ಆ ಪ್ರಶ್ನೆಯನ್ನು ಹಿಡಿದು ಬೆಟ್ಟ ಹತ್ತುವವರಿಗಾಗಿ. ಸಸ್ಯಶಾಸ್ತ್ರ ಓದಿರಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ಸಲ ಒಂದೇ ಬೆಟ್ಟಕ್ಕೆ ಹೋಗುವ ತಾಳ್ಮೆ ಇದ್ದರೆ ಸಾಕು.

ಬಿಸಿಲು ಏರುತ್ತಿರುವ ಕಾಲದಲ್ಲಿ ಇಂಥ ಸಂದುಗಳ ಬೆಲೆ ಹೆಚ್ಚಿದೆ. ಎತ್ತರಕ್ಕೆ ಹೋದಂತೆ ನೂರು ಮೀಟರಿಗೆ ಸುಮಾರು 0.6 ಡಿಗ್ರಿ ತಂಪು. ಅಂದರೆ ಒಂದು ಡಿಗ್ರಿ ಬಿಸಿ ಏರಿದರೆ, ಅದೇ ತಂಪನ್ನು ಹುಡುಕಿಕೊಂಡು ಒಂದು ಜಾತಿಯ ಗಿಡ ನೂರೈವತ್ತು ಮೀಟರಿಗಿಂತ ಹೆಚ್ಚು ಮೇಲೇರಬೇಕು. ಹಿಮಾಲಯದಲ್ಲಿ ಅದಕ್ಕೆ ಜಾಗ ಉಂಟು. ನಮ್ಮ ಗುಡ್ಡಗಳು ಬಯಲಿನಿಂದ ಎದ್ದು ಕೆಲವು ನೂರು ಮೀಟರಿಗೇ ಮುಗಿದುಹೋಗುತ್ತವೆ, ಅದರಾಚೆ ಆಕಾಶ. ಹಾಗಾಗಿ ಇಲ್ಲಿನ ಗಿಡಕ್ಕೆ ಮೇಲೆ ಹೋಗುವ ದಾರಿಗಿಂತ ಒಳಗೆ ಹೋಗುವ ದಾರಿಯೇ ದೊಡ್ಡದು. ಸಂದಿನೊಳಕ್ಕೆ, ಗುಂಡಿನ ಬುಡಕ್ಕೆ, ಬಂಡೆಯ ಮೇಲೆ ನೀರು ನಿಲ್ಲುವ ಕುಳಿಯಾದ ದೊಣೆಯ ಅಂಚಿಗೆ. ಸುತ್ತಲಿನ ಹವೆ ಕೆಟ್ಟರೂ ತನ್ನದೇ ಹವೆ ಕಾಪಾಡಿಕೊಳ್ಳುವ ಇಂಥ ಪುಟ್ಟ ಜಾಗಗಳನ್ನು ವಿಜ್ಞಾನಿಗಳು ಸೂಕ್ಷ್ಮ ಆಶ್ರಯತಾಣ ಎನ್ನುತ್ತಾರೆ. ನಾನು ಆಸರೆ ಎಂದೇ ಬರೆಯುತ್ತೇನೆ.

ಸುಡುವ ಬಂಡೆ ತಂಪು ಕೊಡುವ ಬಗೆ

ಮೊದಲು ಇದು ಮನಸ್ಸಿನಲ್ಲಿ ಕೂರಬೇಕು. ಇಲ್ಲದಿದ್ದರೆ ಬೆಟ್ಟದ ಮೇಲೆ ಕಣ್ಣು ಎಲ್ಲೆಲ್ಲೋ ಹೋಗುತ್ತದೆ.

ಚಿತ್ರದುರ್ಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಚಳ್ಳಕೆರೆ ಕಡೆ ಇನ್ನೂ ಕಡಿಮೆ. ಆದರೆ ಬಂಡೆ ಆ ಮಳೆಯನ್ನು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. 100 ಚದರ ಮೀಟರ್ ಹಾಸುಬಂಡೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 1000 ಲೀಟರ್ ನೀರು. ಬಂಡೆ ಕುಡಿಯುವುದು ಅತ್ಯಲ್ಪ, ಉಳಿದದ್ದು ಇಳಿಜಾರು ಹಿಡಿದು ಹರಿಯುತ್ತದೆ. ಕೆಳಗಿನ ಬಿರುಕಿನಲ್ಲಿ 5 ಚದರ ಮೀಟರ್ ಮಣ್ಣು ಇದ್ದು, ಹರಿದ ನೀರಿನಲ್ಲಿ ಅರ್ಧವೇ ಅಲ್ಲಿ ಇಂಗಿದರೂ ಆ ಮಣ್ಣಿನ ಲೆಕ್ಕಕ್ಕೆ ಅದು 100 ಮಿಲಿಮೀಟರ್ ಮಳೆಯಾಯಿತು. ಬಯಲಿನ ಹೊಲಕ್ಕೆ ಹದ ಸಾಲದ ಮಳೆ ಬಿರುಕಿನ ಗಿಡಕ್ಕೆ ಮಲೆನಾಡಿನ ಮಳೆ.

ಕೋಟೆ ಕಟ್ಟಿದವರಿಗೆ ಇದು ಚೆನ್ನಾಗಿ ತಿಳಿದಿತ್ತು. ಏಳು ಸುತ್ತಿನ ಕೋಟೆಯೊಳಗೆ ಬಂಡೆಯ ಮೇಲಿನ ನೀರು ಗೋಪಾಲಸ್ವಾಮಿ ಹೊಂಡ ಸೇರಿ, ಅದು ತುಂಬಿದ ಮೇಲೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳತ್ತ ಇಳಿಯುತ್ತಿತ್ತು. ಅದಕ್ಕೂ ಹಿಂದೆ, 4ನೇ ಶತಮಾನದಲ್ಲಿ ಕದಂಬರ ಮಯೂರಶರ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿರುವುದೂ ಕೆರೆಯ ಮಾತೇ. ಮನುಷ್ಯರು ನೀರು ಹಿಡಿದ ಕಡೆಗಳಲ್ಲೇ ಗಿಡಗಳೂ ಹಿಡಿದಿವೆ. ಹಳೆಯ ಹೊಂಡ, ಕಾಲುವೆ, ಮೆಟ್ಟಿಲುಗಳ ಸುತ್ತ ಹುಡುಕುವುದನ್ನು ಮರೆಯಬೇಡಿ.

ಎರಡನೆಯದು ಆವಿ. ಬಂಡೆ ಮುಚ್ಚಿದ ಮಣ್ಣಿನಿಂದ ನೀರು ಆರುವುದು ಬಹಳ ನಿಧಾನ. ತೋಟದಲ್ಲಿ ಬುಡಕ್ಕೆ ಹೊದಿಕೆ ಹಾಕಿದಾಗ ಆಗುವುದೇ ಇಲ್ಲೂ ಆಗುತ್ತದೆ, ಹೊದಿಕೆ ಮಾತ್ರ ಟನ್ನುಗಟ್ಟಲೆ ತೂಕದ್ದು. ಮೂರನೆಯದು ಕಲ್ಲಿನ ಜಡತೆ. ದೊಡ್ಡ ಬಂಡೆಯ ಹೊರಮೈ ಬೇಗ ಕಾಯುತ್ತದೆ, ಒಳಮೈ ನಿಧಾನಕ್ಕೆ. ಮೇಲಿನ ಬಿಸಿ ಒಳಗೆ ಮುಟ್ಟುವ ಹೊತ್ತಿಗೆ ಸಂಜೆಯಾಗಿರುತ್ತದೆ. ಇವುಗಳ ಜೊತೆಗೆ, ಫೆಬ್ರವರಿ–ಮಾರ್ಚಿನಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಬೋಳು ಬಂಡೆ ದಾಟುವುದಿಲ್ಲ, ಕಡಿದಾದ ಬಿರುಕಿಗೆ ಮೇಕೆಯ ಬಾಯಿಯೂ ಎಟಕುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬಂಡೆಯ ಮೇಲೆ ಬದುಕುವ ಎಲ್ಲ ಗಿಡವೂ ಆಸರೆ ಹುಡುಕಿ ಬಂದದ್ದಲ್ಲ. ಕೆಲವಕ್ಕೆ ಬಿಸಿಲೇ ಮನೆ. ಮಯೂರಶಿಖಿ ಎಂಬ ಪುಟ್ಟ ಜರಿಗಿಡವನ್ನು ಹತ್ತಿರ ಕೂತು ನೋಡಿ. ಬೆರಳಗಲದ ಬಿರುಕಿನಲ್ಲಿ ಬೀಸಣಿಗೆಯ ಹಾಗೆ ಹರಡಿದ ಎಲೆ, ಒಂದೊಂದು ಎಳೆಯೂ ಬಾಚಣಿಗೆಯ ಹಲ್ಲಿನಷ್ಟು ಸಣ್ಣ. ಬೇಸಿಗೆಯಲ್ಲಿ ಎಳೆಗಳೆಲ್ಲ ಒಳಕ್ಕೆ ಮಡಚಿ, ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿ. ಸತ್ತೇ ಹೋಯಿತು ಅನ್ನಿಸುತ್ತದೆ. ಒಂದು ಒಳ್ಳೆಯ ಮಳೆ ಬಿದ್ದು ಬೇರಿಗೆ ನೀರು ತಾಗಲಿ, ಅದೇ ಎಲೆ ಬಿಚ್ಚಿಕೊಂಡು ಹಸಿರಾಗುತ್ತದೆ. ಹೊಸ ಎಲೆಯಲ್ಲ, ಅದೇ ಹಳೆಯ ಎಲೆ. ಟ್ರೈಪೋಗಾನ್ ಎಂಬ ಬಂಡೆ ಹುಲ್ಲಿಗೂ ಇದೇ ಗುಣ. ಇವು ಒಣಗಿ ಬದುಕುವುದನ್ನು ಕಲಿತ ಜಾತಿಗಳು. ಇವನ್ನು ಕಂಡು ಇಲ್ಲಿ ತಂಪಿದೆ ಎಂದು ಬರೆದುಕೊಂಡರೆ ತಪ್ಪಾಗುತ್ತದೆ. ನಾವು ಹುಡುಕುತ್ತಿರುವುದು ಒಣಗಿದರೆ ಸಾಯುವ ಗಿಡಗಳು ಎಲ್ಲಿ ಉಳಿದಿವೆ ಎಂಬುದನ್ನು.

ಬೆಟ್ಟದ ಆಯ್ಕೆ, ಅನುಮತಿ, ಅಪಾಯ

ದೊಡ್ಡ ಬೆಟ್ಟ ಬೇಡ. ಎರಡು ಗಂಟೆಯಲ್ಲಿ ಒಂದು ಸುತ್ತು ಬರುವಂಥ ಗುಡ್ಡ ಸಾಕು. ನಿಮ್ಮ ಊರಿನ ಪಕ್ಕದ್ದೇ ಆದರೆ ಅತ್ಯುತ್ತಮ, ಏಕೆಂದರೆ ಮತ್ತೆ ಮತ್ತೆ ಹೋಗಬೇಕು.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಮತ್ತು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಎರಡೂ ವನ್ಯಜೀವಿಧಾಮಗಳು. ಎರಡನೆಯದು ನಾಲ್ಕು ಕೊಂಬಿನ ಕೊಂಡುಕುರಿಗಾಗಿಯೇ ಇರುವುದು. ಅಲ್ಲಿಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬರಹದಲ್ಲಿ ಬೇಕು. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟಿಕೆಟ್ ತೆಗೆದುಕೊಂಡು ಒಳಗೆ ನೋಡಬಹುದು, ಆದರೆ ಗೋಡೆಗೆ ಗುರುತು ಹಾಕುವುದು, ಗೂಟ ನೆಡುವುದು, ಗಿಡ ಕೀಳುವುದು ಕೂಡದು. ಗೋಮಾಳವಾದರೆ ಪಂಚಾಯ್ತಿಗೂ ಅಲ್ಲಿ ದನ ಮೇಯಿಸುವವರಿಗೂ ಒಂದು ಮಾತು ಹೇಳಿ ಹೋಗಿ.

ಅಪಾಯದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಡಕ್ಕೆ ತಂಪಾದ ಜಾಗ ಕರಡಿಗೂ ಚಿರತೆಗೂ ತಂಪು. ಬೇಸಿಗೆಯ ಹಗಲಿನಲ್ಲಿ ಅವು ಮಲಗುವುದು ನೀವು ಇಣುಕಲು ಹೊರಟಿರುವ ಅಂಥದೇ ಗವಿಗಳಲ್ಲಿ. ಕರಡಿ ಹೆಜ್ಜೆ, ಹೊಸ ಹಿಕ್ಕೆ, ಕೆದರಿದ ಹುತ್ತ ಕಂಡರೆ ಆ ಕಡೆ ಹೋಗಬೇಡಿ, ಆ ಸಂದನ್ನು ದಾಖಲೆಯಿಂದಲೇ ಬಿಡಿ. ದೂರದಿಂದಲೇ ಮಾತಾಡುತ್ತಾ, ಕೋಲು ಕುಟ್ಟುತ್ತಾ ನಡೆಯಿರಿ. ತಲೆ ಎತ್ತಿ ಹೆಜ್ಜೇನು ಇದೆಯೇ ನೋಡಿ, ಇದ್ದರೆ ಸುಗಂಧ ಹಚ್ಚಿಕೊಂಡು ಹೋಗುವುದೂ ಹೊಗೆ ಹಾಕುವುದೂ ಬೇಡ. ಕೈಯನ್ನು ಕಾಣದ ಬಿರುಕಿಗೆ ಹಾಕಲೇಬೇಡಿ. ಒಬ್ಬರೇ ಹೋಗಬೇಡಿ.

ಯಾವ ಮಳೆಗೆ ಹೋಗಬೇಕು

ತಿಂಗಳ ಲೆಕ್ಕಕ್ಕಿಂತ ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಮೊದಲ ಭೇಟಿ ಅಶ್ವಿನಿ ಮುಗಿದು ಭರಣಿ ಹುಟ್ಟುವ ಹೊತ್ತಿಗೆ, ಏಪ್ರಿಲ್ ಕೊನೆಗೆ. ನಾಲ್ಕರಲ್ಲಿ ಇದೇ ಮುಖ್ಯ. ಒಂದೇ ಸಲ ಹೋಗಲು ಸಾಧ್ಯ ಎನ್ನುವವರು ಇದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಆದರೆ ಭರಣಿಯ ಮೊದಲ ಮಳೆ ಬೀಳುವ ಮುಂಚೆ ಹೋಗಬೇಕು. ಒಂದು ಹದ ಮಳೆ ಬಿದ್ದರೆ ಬೆಟ್ಟವೆಲ್ಲ ಚಿಗುರಿ, ಆಸರೆ ಯಾವುದು ಬಯಲು ಯಾವುದು ಗೊತ್ತಾಗದೆ ಹೋಗುತ್ತದೆ.

ಎರಡನೆಯದು ಜೂನ್ ಕೊನೆಯ ಆರಿದ್ರದಲ್ಲಿ, ಮೊಳಕೆಗಳನ್ನು ಎಣಿಸಲು. ಮೂರನೆಯದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹಸ್ತ, ಚಿತ್ತೆಯಲ್ಲಿ. ಆಗ ಹೂವು, ಕಾಯಿ ಇರುತ್ತವೆ, ಜಾತಿ ಗುರುತಿಸಲು ಅದೇ ಸುಲಭದ ಕಾಲ. ಹಾಸುಬಂಡೆಯ ಒಸರು ನೀರಿನಲ್ಲಿ ಕೀಟ ಹಿಡಿಯುವ ಡ್ರೋಸೆರಾ, ಗುಂಡುಸೂಜಿ ತಲೆಯಷ್ಟು ಹೂವಿನ ಯುಟ್ರಿಕ್ಯುಲೇರಿಯಾ ಸಿಕ್ಕಿದರೂ ಸಿಕ್ಕಾವು. ನಾಲ್ಕನೆಯದು ಸಂಕ್ರಾಂತಿ ಕಳೆದ ಮೇಲೆ, ನೀರು ಎಲ್ಲಿ ಇನ್ನೂ ಉಳಿದಿದೆ ಎಂದು ನೋಡಲು.

ಒಂದು ವರ್ಷದ ಲೆಕ್ಕ ನಂಬಬೇಡಿ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು, ಜನ ಬಂಡಿ ಕಟ್ಟಿಕೊಂಡು ನೋಡಲು ಹೋದರು. ಮರುವರ್ಷವೇ ರಾಜ್ಯಕ್ಕೆ ಬರ. ಆ ಎರಡು ವರ್ಷಗಳಲ್ಲಿ ಯಾವುದೋ ಒಂದನ್ನು ಮಾತ್ರ ನೋಡಿದವರ ಟಿಪ್ಪಣಿ ಪೂರ್ತಿ ದಾರಿ ತಪ್ಪಿಸುತ್ತದೆ.

ಚೀಲದಲ್ಲಿ ಏನಿರಬೇಕು

ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಡಿಜಿಟಲ್ ಥರ್ಮಾಮೀಟರ್, ತೇವಾಂಶವನ್ನೂ ಗರಿಷ್ಠ–ಕನಿಷ್ಠವನ್ನೂ ತೋರಿಸುವಂಥದ್ದಾದರೆ ಒಳ್ಳೆಯದು. ಬಿಳಿ ಪೇಪರ್ ಲೋಟಗಳು. ಅಳತೆ ಟೇಪು. ನಾಲ್ಕು ಮೀಟರ್ ಗೋಣಿದಾರ, ಮೂಲೆಗೊಂದರಂತೆ ಗಂಟು ಹಾಕಿದ್ದು, ಬಿಡಿಸಿ ಹಾಸಿದರೆ ಒಂದು ಮೀಟರಿನ ಚೌಕವಾಗುವ ಹಾಗೆ. ದಿಕ್ಸೂಚಿ ಮತ್ತು ಕ್ಯಾಮೆರಾ ಫೋನಿನಲ್ಲೇ ಇವೆ. ಪೆನ್ಸಿಲ್, ಏಕೆಂದರೆ ಬೆವರಿನ ಕೈಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ. ಹತ್ತು ರೂಪಾಯಿ ನಾಣ್ಯ: ಅದರ ಅಗಲ 27 ಮಿಲಿಮೀಟರ್, ಮೊಳಕೆಯ ಪಕ್ಕ ಇಟ್ಟು ಫೋಟೊ ತೆಗೆದರೆ ಮುಂದೆ ಅಳತೆ ಗೊತ್ತಾಗುತ್ತದೆ. ತಲೆಗೊಂದು ಟವೆಲ್, ಬೇಕೆನ್ನಿಸುವುದಕ್ಕಿಂತ ಎರಡು ಲೀಟರ್ ಹೆಚ್ಚು ನೀರು.

ಬಂಡೆಯನ್ನು ಓದುವುದು

ಮೊದಲ ದಿನ ಯಾವುದನ್ನೂ ಅಳೆಯಬೇಡಿ. ಸುಮ್ಮನೆ ಸುತ್ತು ಹಾಕಿ, ಬಂಡೆಯ ಮೇಲಿನ ಕಪ್ಪು ಪಟ್ಟಿಗಳನ್ನು ನೋಡಿ. ಕಣಶಿಲೆಯ, ಅಂದರೆ ಗ್ರಾನೈಟಿನ, ಇಳಿಜಾರಿನಲ್ಲಿ ಮಸಿ ಸುರಿದ ಹಾಗೆ ಉದ್ದುದ್ದ ಇಳಿದಿರುವ ಕಲೆಗಳವು. ಮಳೆ ಬಂದಾಗ ನೀರು ಹರಿಯುವ ದಾರಿಯಲ್ಲಿ ಬೆಳೆದ ಸೂಕ್ಷ್ಮ ಜೀವಿಗಳು ಒಣಗಿ ಹಿಡಿದ ಬಣ್ಣ ಅದು. ಬೇಸಿಗೆಯಲ್ಲಿ ಒಂದು ಹನಿ ನೀರಿಲ್ಲದಿದ್ದರೂ ನೀರಿನ ನಕ್ಷೆ ಹೀಗೆ ಬಂಡೆಯ ಮೇಲೇ ಬರೆದಿರುತ್ತದೆ. ಪಟ್ಟಿಯನ್ನು ಹಿಡಿದು ಕೆಳಗೆ ಬನ್ನಿ. ಅದು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಬಿರುಕೋ ಗುಂಡಿನ ಬುಡವೋ ಇರುತ್ತದೆ. ಆಸರೆ ಹುಡುಕಲು ಇದಕ್ಕಿಂತ ನಂಬಿಕಸ್ಥ ಗುರುತು ನನಗೆ ಇನ್ನೂ ಸಿಕ್ಕಿಲ್ಲ. ಹಲವು ಪಟ್ಟಿಗಳು ಒಂದೇ ಕಡೆ ಸೇರಿದರೆ ಆ ಜಾಗಕ್ಕೆ ಮೊದಲ ಸಂಖ್ಯೆ ಕೊಡಿ.

ನಂತರ ಆಕಾರ. ಹಾಸುಬಂಡೆಯ ಬೋಳು ಮೈ ಆಸರೆಯಲ್ಲ. ದೊಣೆ ಮಳೆಗಾಲದ ಆಸರೆ, ಆಳವಿದ್ದರೆ ಮಾತ್ರ ಬೇಸಿಗೆಗೂ ಬರುತ್ತದೆ. ಒಂದರ ಮೇಲೊಂದು ಕೂತ ಗುಂಡುಗಳ ರಾಶಿಯೊಳಗಿನ ಪೊಟರೆಗಳು ತಂಪು, ಆದರೆ ಬೆಳಕಿಲ್ಲದೆ ಗಿಡ ಏಳುವುದಿಲ್ಲ, ಅಂಚಿನಲ್ಲಷ್ಟೇ ನೋಡಿ. ಆಳವಾದ, ತಳದಲ್ಲಿ ಮಣ್ಣು ಕೂತ, ಮೇಲೆ ಬಾಯಿ ತೆರೆದ ಸೀಳುಗಳೇ ಎಲ್ಲಕ್ಕಿಂತ ಶ್ರೀಮಂತ. ಆಳ ಅಗಲಕ್ಕಿಂತ ಕನಿಷ್ಠ ಎರಡರಷ್ಟು ಇದ್ದರೆ ಅದನ್ನು ಪಟ್ಟಿಗೆ ಸೇರಿಸಿ. ಕೋಲನ್ನು ಮಣ್ಣಿಗೆ ಚುಚ್ಚಿ ಎಷ್ಟು ಇಳಿಯುತ್ತದೆ ಅಳೆಯಿರಿ. ಗೇಣು ಇಳಿದರೆ ಪೊದೆಗೆ ಸಾಕು, ಮೊಳ ಇಳಿದರೆ ಮರಕ್ಕೆ ಸಾಕು.

ಹತ್ತು ತಾಣ ಆರಿಸಿ, ಪ್ರತಿಯೊಂದಕ್ಕೂ ಇಪ್ಪತ್ತು ಹೆಜ್ಜೆಯೊಳಗೆ ಒಂದು ಬಯಲು ತಾಣವನ್ನು ಜೋಡಿ ಮಾಡಿ. ಜೋಡಿಯಿಲ್ಲದ ತಾಣದ ಅಳತೆಗೆ ಅರ್ಥವಿಲ್ಲ.

ಬಿಸಿಲು ಯಾವ ಕಡೆಯಿಂದ

ಇಲ್ಲಿ ಪುಸ್ತಕ ನೋಡಿ ಬೆಟ್ಟ ಹತ್ತಿದವರು ಎಡವುತ್ತಾರೆ. ಉತ್ತರ ಮುಖದ ಇಳಿಜಾರು ತಂಪು ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಯುರೋಪು, ಅಮೆರಿಕಗಳ ಅಕ್ಷಾಂಶಕ್ಕೆ ಸರಿ, ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶ ದಾಟಿದ ಕೂಡಲೇ. ಏಪ್ರಿಲ್ ಕೊನೆಗೆ, ಭರಣಿ ಹುಟ್ಟುವ ಹೊತ್ತಿಗೆ, ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಮಕ್ಕಳು ಕಂಬ ನಿಲ್ಲಿಸಿ ನೋಡುವುದು ಅದನ್ನೇ. ಅಲ್ಲಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ನಂತರ ಮೋಡ ಕಾಯುತ್ತದೆ ಅನ್ನಿ. ಆದರೆ ಮೇ ತಿಂಗಳಲ್ಲಿ ನಮ್ಮ ಉತ್ತರ ಮುಖದ ಬಂಡೆಗಳು ಚೆನ್ನಾಗಿಯೇ ಸುಡುತ್ತವೆ.

ಹಾಗಾದರೆ ನೋಡಬೇಕಾದ್ದು ಏನು? ಒಂದು, ಪೂರ್ವ–ಪಶ್ಚಿಮದ ವ್ಯತ್ಯಾಸ. ಪಡುವಣ ಮುಖಕ್ಕೆ ಬಿಸಿಲು ಬೀಳುವುದು ಗಾಳಿ ಆಗಲೇ ಕಾದಿರುವ ಮಧ್ಯಾಹ್ನದ ಮೇಲೆ. ಮೂಡಣ ಮುಖ ಬೆಳಗಿನ ತಂಪಿನಲ್ಲಿ ಬಿಸಿಲು ಕಂಡು ಆಮೇಲೆ ನೆರಳಿಗೆ ಸರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ ಬೀಸುವ ಬಿರುಗಾಳಿಯೂ ತೇವ ಎಳೆಯುತ್ತದೆ. ನಮ್ಮ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲು ನಿಂತಿರುವುದು ಆ ಗಾಳಿಯ ಬಲದಿಂದಲೇ. ಎರಡು, ಸೀಳು ಯಾವ ದಿಕ್ಕಿಗೆ ಹಾಯ್ದಿದೆ ಎಂಬುದು. ಏಪ್ರಿಲ್–ಮೇನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ನಡೆಯುತ್ತಾನಲ್ಲ, ಹಾಗಾಗಿ ಪೂರ್ವ–ಪಶ್ಚಿಮವಾಗಿ ಹಾಯ್ದ ಸೀಳಿನ ತಳಕ್ಕೆ ಹಗಲಿನ ಬಹುಪಾಲು ಬಿಸಿಲು ಬೀಳುತ್ತದೆ. ಉತ್ತರ–ದಕ್ಷಿಣವಾಗಿ ಹಾಯ್ದ ಸೀಳಿಗೆ ಎರಡು ಕಡೆಯ ಗೋಡೆಯೂ ಅಡ್ಡ, ಸೂರ್ಯ ಇಣುಕುವುದು ನಡುಹಗಲಿನ ಸ್ವಲ್ಪ ಹೊತ್ತು ಮಾತ್ರ. ಚಳಿಗಾಲದಲ್ಲಿ ಇದು ತಿರುಗುಮುರುಗಾಗಬಹುದು, ಆದರೆ ಗಿಡ ಸಾಯುವುದು ಚಳಿಗಾಲದಲ್ಲಲ್ಲ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಏಪ್ರಿಲ್ ಭೇಟಿಯ ದಿನ ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಸೀಳಿನ ತಳಕ್ಕೆ ಬಿಸಿಲು ಬಿದ್ದಿದೆಯೋ ಇಲ್ಲವೋ ಗುರುತು ಹಾಕಿ. ಮೂರು ಗಂಟೆಗಿಂತ ಕಡಿಮೆ ಬಿಸಿಲು ಕಂಡ ಸೀಳುಗಳ ಸಂಖ್ಯೆಯ ಕೆಳಗೆ ಟಿಪ್ಪಣಿಯಲ್ಲಿ ಗೆರೆ ಎಳೆಯಿರಿ.

ತಾಪಮಾನ ಅಳೆಯುವುದು

ಬೆಟ್ಟಕ್ಕೆ ಹೋಗುವ ಹಿಂದಿನ ರಾತ್ರಿ ಎರಡೂ ಥರ್ಮಾಮೀಟರ್‌ಗಳನ್ನು ಮನೆಯಲ್ಲಿ ಪಕ್ಕಪಕ್ಕ ಇಡಿ. ಬೆಳಗ್ಗೆ ಎರಡರ ನಡುವೆ ಎಷ್ಟು ವ್ಯತ್ಯಾಸ ತೋರಿಸುತ್ತದೋ ಅದನ್ನು ಬರೆದಿಟ್ಟುಕೊಂಡು, ಮುಂದೆ ಹೆಚ್ಚು ತೋರಿಸಿದ ಥರ್ಮಾಮೀಟರಿನ ಪ್ರತಿ ಅಳತೆಯಿಂದಲೂ ಕಳೆಯಬೇಕು.

ಬಿಸಿಲಿನಲ್ಲಿ ಬರಿದೇ ಇಟ್ಟ ಥರ್ಮಾಮೀಟರ್ ಗಾಳಿಯ ತಾಪಮಾನ ಹೇಳುವುದಿಲ್ಲ, ತನ್ನ ಮೈ ಎಷ್ಟು ಕಾದಿದೆ ಎಂದು ಹೇಳುತ್ತದೆ. ಮೊದಲ ವರ್ಷ ನಾನು ಇದನ್ನು ತಿಳಿಯದೆ ಬಯಲಿನ ಅಳತೆಯನ್ನೆಲ್ಲ ಬಿಸಿಲಲ್ಲೇ ತೆಗೆದೆ. ಸೀಳಿಗೂ ಬಯಲಿಗೂ ಭಾರಿ ಅಂತರ ಬಂತು, ಸಂತೋಷಪಟ್ಟೆ, ಆಮೇಲೆ ಒಂದು ಇಡೀ ಬೇಸಿಗೆಯ ಪುಟಗಳನ್ನು ಹೊಡೆದುಹಾಕಬೇಕಾಯಿತು. ಬಿಳಿ ಪೇಪರ್ ಲೋಟವನ್ನು ಬೋರಲು ಹಾಕಿ, ಪಕ್ಕಗಳಲ್ಲಿ ಗಾಳಿಯಾಡುವಷ್ಟು ತೂತು ಮಾಡಿ, ಒಳಗೆ ಸಂವೇದಕ ತೂಗಿ. ಬಂಡೆಗೆ ತಾಗಬಾರದು. ನೆಲದಿಂದ ಒಂದು ಗೇಣು ಎತ್ತರ, ಅಂದರೆ ಸಸಿಯ ತಲೆ ಇರುವ ಮಟ್ಟ. ಸೀಳಿನಲ್ಲಿ ಒಂದು, ಜೋಡಿ ಬಯಲಿನಲ್ಲಿ ಇನ್ನೊಂದು, ಅರ್ಧ ಗಂಟೆ ಬಿಟ್ಟು ಎರಡನ್ನೂ ಒಂದೇ ನಿಮಿಷದಲ್ಲಿ ಇಬ್ಬರು ಓದಿ.

ಬೆಳಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡೂವರೆಗೊಮ್ಮೆ ಸಾಕು. ರಾತ್ರಿ ಬಂಡೆ ತನ್ನೊಳಗಿನ ಶಾಖ ಬಿಡುತ್ತದೆ, ಹಾಗಾಗಿ ಬೆಳಗಿನ ಜಾವ ಸೀಳು ಬಯಲಿಗಿಂತ ಬೆಚ್ಚಗಿದ್ದರೆ ಅಳತೆ ತಪ್ಪಿತೆಂದುಕೊಳ್ಳಬೇಡಿ. ಆಸರೆಯ ಲಕ್ಷಣವೇ ಅದು: ಹಗಲಿನ ತುದಿ ತಗ್ಗಿ, ರಾತ್ರಿಯ ತಳ ಏರಿ, ಎರಡರ ನಡುವಿನ ಅಂತರ ಕಿರಿದಾಗಿರುತ್ತದೆ. ಕನಿಷ್ಠ ಮೂರು ಮೋಡವಿಲ್ಲದ ದಿನಗಳ ಅಳತೆ ಬೇಕು. ಮಣ್ಣನ್ನು ಒಂದು ಚಿಟಿಕೆ ತೆಗೆದು ಹಿಡಿದು ನೋಡಿ, ಉಂಡೆಯಾಗುತ್ತದೋ, ಪುಡಿಯಾಗುತ್ತದೋ ಬರೆಯಿರಿ. ಉಪಕರಣವಿಲ್ಲದ ಈ ಅಳತೆಯೂ ಕೆಲಸಕ್ಕೆ ಬರುತ್ತದೆ.

ಮರ ನೋಡಬೇಡಿ, ಸಸಿ ನೋಡಿ

ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ಇಡಿ.

ಬಂಡೆಯ ನಡುವೆ ದೊಡ್ಡ ಕಲ್ಲತ್ತಿಯನ್ನೋ ದಿಂಡಿಗವನ್ನೋ ಕಂಡ ಕೂಡಲೇ ಇದು ಆಸರೆ ಎನ್ನುತ್ತೇವೆ. ಆದರೆ ಆ ಮರ ಬೇರು ಬಿಟ್ಟದ್ದು ಎಷ್ಟೋ ದಶಕಗಳ ಹಿಂದೆ, ಅಂದಿನ ಮಳೆಗೆ, ಅಂದಿನ ಬಿಸಿಲಿಗೆ. ಆಳಕ್ಕೆ ಹೋದ ಬೇರಿನಿಂದ ಅದು ಇನ್ನೂ ಎಷ್ಟೋ ಬೇಸಿಗೆ ದಾಟಬಹುದು. ಇವತ್ತಿನ ಹವೆಗೆ ಈ ಜಾಗ ಒಗ್ಗುತ್ತದೆಯೇ ಎಂದು ಹೇಳಬಲ್ಲದ್ದು ಅದರ ಬುಡದಲ್ಲಿ ಎರಡೆಲೆ ಬಿಟ್ಟು ನಿಂತ ಮೊಳಕೆ ಮಾತ್ರ. ಬೇರು ಬೆರಳುದ್ದ, ತಲೆ ಬಿಸಿಲಿಗೆ ಒಡ್ಡಿದ್ದು. ಅದು ಬೇಸಿಗೆ ದಾಟಿದರೆ ಜಾಗ ಇನ್ನೂ ಜೀವಂತ.

ದಾರದ ಚೌಕ ಹಾಸಿ, ಒಳಗಿನದ್ದನ್ನೆಲ್ಲ ನಾಲ್ಕು ವರ್ಗವಾಗಿ ಎಣಿಸಿ: ಎರಡರಿಂದ ನಾಲ್ಕೆಲೆಯ ಮೊಳಕೆ, ಗೇಣುದ್ದದವರೆಗಿನ ಸಸಿ, ಮೊಳದುದ್ದದ ಗಿಡ, ಅದಕ್ಕೂ ದೊಡ್ಡದು. ಹೆಸರು ಗೊತ್ತಿಲ್ಲದಿದ್ದರೆ ‘ನುಣುಪೆಲೆ 1’, ‘ಹಾಲುಗಿಡ 2’ ಎಂದು ನೀವೇ ಹೆಸರಿಡಿ, ಫೋಟೊ ಜೊತೆಗಿರಲಿ, ಹೂವಿನ ಕಾಲಕ್ಕೆ ಬಲ್ಲವರಿಗೆ ತೋರಿಸಿದರಾಯಿತು. ಕಿತ್ತು ತರಬೇಡಿ. ಗಿಡಕ್ಕೆ ಚೀಟಿಯನ್ನೂ ಕಟ್ಟಬೇಡಿ, ಚೌಕದ ಚಿತ್ರ ಬರೆದು ಅದರಲ್ಲಿ ಚುಕ್ಕೆ ಇಡಿ.

ನಾಲ್ಕೂ ವರ್ಗ ಇದ್ದರೆ ಅದು ನಡೆಯುತ್ತಿರುವ ಆಸರೆ. ದೊಡ್ಡ ಮರ ಮಾತ್ರ ಇದ್ದು ಕೆಳಗೆ ಏನೂ ಇಲ್ಲದಿದ್ದರೆ ಆತುರದಿಂದ ಬಿಸಿಲನ್ನು ದೂರಬೇಡಿ, ಮೇಕೆಗಳು ಮೇದಿರಬಹುದು. ಅದನ್ನು ತಿಳಿಯಲು ಮೇಕೆಗೆ ಎಟಕದ ಎತ್ತರದ ಬಿರುಕೊಂದರಲ್ಲಿ ಅದೇ ಜಾತಿಯ ಸಸಿ ಇದೆಯೇ ನೋಡಿ. ಅಲ್ಲೂ ಇಲ್ಲದಿದ್ದರೆ ಆಗ ಬಿಸಿಲು, ನೀರಿನ ಮೇಲೆ ಸಂಶಯಪಡಿ. ಮೊಳಕೆ ಮಾತ್ರ ಇದ್ದು ಹತ್ತಿರದಲ್ಲಿ ತಾಯಿಮರ ಇಲ್ಲದಿದ್ದರೆ ಅದು ಹೆಚ್ಚಾಗಿ ಹಕ್ಕಿ ತಂದ ಬೀಜ. ಆಲ, ಅತ್ತಿ, ಬಸರಿ, ಕಲ್ಲತ್ತಿಗಳು ಹೀಗೆಯೇ ಬರುವುದು. ಪ್ರತಿ ಆರಿದ್ರದಲ್ಲಿ ಹುಟ್ಟಿ ಪ್ರತಿ ಭರಣಿಗೆ ಸಾಯುತ್ತಿವೆಯೋ, ಅಥವಾ ಒಂದಾದರೂ ಗೇಣುದ್ದಕ್ಕೆ ಬಂತೋ, ಅದನ್ನು ನೋಡಲಿಕ್ಕೇ ಎರಡನೇ ವರ್ಷ ಬೇಕು.

ಸೀತಾಫಲ ಸಿಕ್ಕೇ ಸಿಗುತ್ತದೆ. ಅಮೆರಿಕ ಮೂಲದ ಗಿಡ, ಆದರೆ ನಮ್ಮ ಬಂಡೆಗುಡ್ಡಗಳಲ್ಲಿ ಮನೆ ಮಾಡಿದೆ, ಹಣ್ಣಿನ ಕಾಲಕ್ಕೆ ಎಷ್ಟೋ ಮನೆಗಳಿಗೆ ಪುಟ್ಟಿ ತುಂಬ ಆದಾಯ. ಅದನ್ನು ಬೇರೆ ಪಟ್ಟಿಯಲ್ಲಿ ಎಣಿಸಿ, ಆಸರೆಯ ಲೆಕ್ಕಕ್ಕೆ ಸೇರಿಸಬೇಡಿ. ಹೊರಗಿನಿಂದ ಬಂದು ಹಬ್ಬುವ ಲಂಟಾನ ಪೊದೆಯನ್ನಂತೂ ಎಷ್ಟು ಜಾಗ ನುಂಗಿದೆ ಎಂದು ಚದರ ಮೀಟರಿನಲ್ಲಿ ಬರೆಯಿರಿ.

ಕೇಳಿ ತಿಳಿಯುವುದು

ನಿಮಗೆ ಹತ್ತು ಭೇಟಿಯಲ್ಲಿ ತಿಳಿಯುವುದು ಅಲ್ಲಿ ಮೇಕೆ ಕಾಯುವವರಿಗೆ ಒಂದು ಮಾತಿನಲ್ಲಿ ಗೊತ್ತು. ಆದರೆ ಕೇಳುವ ಬಗೆ ಇದೆ. ‘ಇಲ್ಲಿ ಯಾವ್ಯಾವ ಗಿಡ ಇವೆ’ ಎಂದು ಕೇಳಿದರೆ ಔಷಧಿ ಬೇರು ಕೀಳಲು ಬಂದವನೆಂದುಕೊಳ್ಳುತ್ತಾರೆ. ನಾನು ಒಬ್ಬ ಅಜ್ಜನ ಹತ್ತಿರ ಕೂತು, ನೀರು ಕೊಟ್ಟು, ಹೀಗೆ ಕೇಳಿದೆ: “ಯಜಮಾನ್ರೇ, ಬರಗಾಲದಾಗೆ ಮೇಕೆಗೆ ಸೊಪ್ಪು ಎಲ್ಲಿ ಸಿಗ್ತಿತ್ತು?”

“ಬಯಲಾಗೆ ಏನೈತಪ್ಪ. ಆ ಜೋಡಿಗುಂಡು ಕಾಣ್ತೈತಲ್ಲ, ಅದ್ರ ಹಿಂದ್ಲ ಸಂದಿನಾಗೆ ಕಲ್ಲತ್ತಿ ಐತೆ. ಬರ ಬರ್ಲಿ, ಬ್ಯಾಸಿಗಿ ಬರ್ಲಿ, ಅದ್ರಾಗೆ ಎಲೆ ಇದ್ದೇ ಇರ್ತವೆ.” ಸ್ವಲ್ಪ ಹೊತ್ತು ಬಿಟ್ಟು ಅಂದರು, “ಮರಿ ಮೇಕೆ ಬ್ಯಾಸಿಗ್ಯಾಗೆ ತಪ್ಪಿಸ್ಕಂಡ್ರೆ ಮೊದ್ಲು ಅಲ್ಲೇ ಹುಡುಕ್ತೀವಿ.”

ನಾನು ಮೂರು ಭೇಟಿಯಲ್ಲೂ ಆ ಜೋಡಿಗುಂಡಿನ ಮುಂಬದಿಯಿಂದಲೇ ಹಾದುಹೋಗಿದ್ದೆ. ನೀವೂ ಕೇಳಿ: ಬೇಸಿಗೆಯಲ್ಲಿ ಮರಿಗಳು ಎಲ್ಲಿ ಮಲಗುತ್ತವೆ, ಯಾವ ದೊಣೆ ಕೊನೆಗೆ ಒಣಗುತ್ತದೆ, ನೀವು ಚಿಕ್ಕವರಿದ್ದಾಗ ಇದ್ದು ಈ­ಗ ಕಾಣದ ಗಿಡ ಯಾವುದು.

ದಾಖಲೆ ಕೈಗೆ ಬಂದ ಮೇಲೆ

ಪಹಣಿಯಲ್ಲಿ ಬಂಡೆ ಇರುವ ಜಾಗಕ್ಕೆ ‘ಖರಾಬು’, ಅಂದರೆ ಉಳಲು ಬಾರದ ಜಾಗ, ಎಂದು ಬರೆದಿರುತ್ತದೆ. ಆ ಒಂದು ಪದದಿಂದ ಎಷ್ಟೋ ಗುಡ್ಡಗಳು ಜಲ್ಲಿಯಾಗಿ ಹೋಗಿವೆ. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಒಡೆದ ಮೇಲೆ ಯಾವ ಯೋಜನೆಯೂ ಅದನ್ನು ತಿರುಗಿ ಕಟ್ಟಿಕೊಡುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ಹತ್ತು ತಾಣಗಳ ಪಟ್ಟಿ ಸೇರಬೇಕಾದ್ದು ಅಲ್ಲಿಗೆ. ಅರ್ಜಿ ಬರೆದು, ಸ್ವೀಕೃತಿ ಪಡೆದು, ಪ್ರತಿ ಇಟ್ಟುಕೊಳ್ಳಿ.

ಆದರೆ ಎಲ್ಲವನ್ನೂ ಎಲ್ಲರಿಗೂ ಹೇಳಬೇಡಿ. ಮಾಗಳಿ ಬೇರು ಕಲ್ಲಿನ ಸಂದಿನ ಬಳ್ಳಿ, ಉಪ್ಪಿನಕಾಯಿಗೂ ಔಷಧಿಗೂ ಅಗೆದು ಅಗೆದು ಅಪರೂಪವಾಗಿದೆ. ಅಂಥದ್ದು ಸಿಕ್ಕಿದರೆ ಗುಡ್ಡದ ಹೆಸರು ಬರೆಯಿರಿ, ಸಂದಿನ ಗುರುತು ಬರೆಯಬೇಡಿ, ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ ಫೋಟೊ ತೆಗೆಯಿರಿ.

ಗಿಡ ನೆಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ವನಮಹೋತ್ಸವಕ್ಕೆಂದು ಬಂಡೆಯ ಮಣ್ಣಿನ ಕುಳಿಗಳಲ್ಲಿ ಗುಂಡಿ ತೋಡಿದ್ದನ್ನು ನೋಡಿದ್ದೇನೆ. ಒಂದು ಗೇಣು ಮಣ್ಣು ಕೂರಲು ಶತಮಾನ ಹಿಡಿದಿರುತ್ತದೆ, ಮೊದಲ ಬಿರುಮಳೆಗೆ ಸಡಿಲವಾದ ಮಣ್ಣೆಲ್ಲ ಕೊಚ್ಚಿಹೋಗುತ್ತದೆ. ಬಂಡೆಯ ಮೇಲಿನ ಪಾಚಿಯ ಮೇಲೆ ಕಾಲಿಡುವುದು, ಸುಣ್ಣದಲ್ಲಿ ಬಾಣದ ಗುರುತು ಹಾಕುವುದು, ಸಂದಿನಲ್ಲಿ ಅಡುಗೆ ಒಲೆ ಹೂಡುವುದು ಇವೂ ಬೇಡ. ಕೈಹಾಕಬಹುದಾದ ಕೆಲಸ ಒಂದೇ: ಲಂಟಾನ. ಅದನ್ನೂ ಅನುಮತಿ ಪಡೆದು, ಮಳೆಗಾಲದಲ್ಲಿ, ಕೆಳಗಿರುವ ಸಸಿಗಳನ್ನು ಮೊದಲು ಗುರುತು ಮಾಡಿಕೊಂಡು, ಬುಡದಲ್ಲಿ ಕತ್ತರಿಸಿ ಬದಿಗೆ ಹೊತ್ತು ಹಾಕಿ. ಬೇರು ಕೀಳಲು ಹೋದರೆ ಮಣ್ಣು ಸಡಿಲವಾಗುತ್ತದೆ. ಮತ್ತೆ ಚಿಗುರುತ್ತದೆ, ಮತ್ತೆ ಕತ್ತರಿಸಬೇಕು. ಒಮ್ಮೆಲೇ ಪೂರ್ತಿ ತೆಗೆದರೆ ನೆರಳು ಕಳೆದುಕೊಂಡ ಸಸಿಗಳು ಬಾಡುತ್ತವೆ, ಮೂರು ವರ್ಷಕ್ಕೆ ಹಂಚಿ ತೆಗೆಯಿರಿ.

ಜೋಡಿಗುಂಡಿನ ಹಿಂದಿನ ಸಂದಿನಲ್ಲಿ ನಾನು ಮೊದಲ ಆರಿದ್ರದಲ್ಲಿ ಹನ್ನೊಂದು ಕಲ್ಲತ್ತಿ ಮೊಳಕೆಗಳಿಗೆ ಚುಕ್ಕೆ ಇಟ್ಟಿದ್ದೆ. ಮುಂದಿನ ಭರಣಿಗೆ ಎರಡು ಉಳಿದಿದ್ದವು, ಎರಡೂ ಕಪ್ಪು ಪಟ್ಟಿ ಬಂದು ಇಳಿಯುವ ಮೂಡಣ ಗೋಡೆಯ ಬುಡದಲ್ಲೇ. ಅವುಗಳಲ್ಲಿ ಒಂದು ಈಗ ಗೇಣು ದಾಟಿದೆ.